ಕ್ಯಾಮೆರಾ ನೋಡದ ಮುಖಗಳು: ಸಹಜ ಫೋಟೋ ತೆಗೆಯುವ ಬಗೆ

ನನ್ನ ಅಕ್ಕನ ಫೋನಿನಲ್ಲಿ ಅವಳದೇ ಫೋಟೋಗಳು ನೂರಾರು ಇವೆ. ಎಲ್ಲದರಲ್ಲೂ ಒಂದೇ ಮುಖ. ಕತ್ತು ಸ್ವಲ್ಪ ಎಡಕ್ಕೆ, ತುಟಿ ಬಿಗಿದ ನಗು. ಮುಂದಿನ ಹಲ್ಲು ಸೊಟ್ಟ ಎಂದು ಕ್ಯಾಮೆರಾ ಮುಂದೆ ಬಾಯಿ ಬಿಡುವುದೇ ಇಲ್ಲ.

ಒಂದು ಬೆಳಿಗ್ಗೆ ಅವಳು ಕಿಟಕಿ ಪಕ್ಕ ಕೂತು ಮಗಳಿಗೆ ಜಡೆ ಹಾಕುತ್ತಿದ್ದಳು. ಹೇರ್‌ಪಿನ್ ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಮಗಳು ನೋವಿಗೆ ಒಂದು ಕಣ್ಣು ಮುಚ್ಚಿದ್ದಳು. ಕ್ಲಿಕ್ ಮಾಡಿದೆ. ‘ಥೂ, ಅಳಿಸು ಅದನ್ನ’ ಎಂದಳು. ಯಾರಿಗೂ ತೋರಿಸಲ್ಲ ಎಂದು ಮಾತು ಕೊಟ್ಟು ಉಳಿಸಿಕೊಂಡೆ. ಮರುವರ್ಷ ಮಗಳು ಕೂದಲು ಗಿಡ್ಡ ಮಾಡಿಸಿಕೊಂಡಳು. ಆಗ ಅಕ್ಕನೇ ಕೇಳಿದಳು, ‘ಆ ಜಡೆ ಫೋಟೋ ಇನ್ನೂ ಇದೆಯಾ?’

ಅಂಥ ಫೋಟೋ ನಿಮಗೂ ಬೇಕಾದರೆ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ತೆಗೆಯುವಾಗ ‘ಇದನ್ನು ಎಲ್ಲಿ ಹಾಕಲಿ’ ಎಂದು ಯೋಚಿಸಬೇಡಿ. ಆ ಯೋಚನೆ ಬಂದ ತಕ್ಷಣ ‘ಸ್ವಲ್ಪ ಈ ಕಡೆ ತಿರುಗು’ ಎನ್ನುತ್ತೀರಿ. ಅಲ್ಲಿಗೆ ಮುಗಿಯಿತು. ನಾನು ಒಂದು ದಿನ ಕಳೆಯುವವರೆಗೆ ಯಾವ ಫೋಟೋವನ್ನೂ ಎಲ್ಲೂ ಹಾಕುವುದಿಲ್ಲ.

ಫೋನನ್ನು ಮೊದಲೇ ಸಿದ್ಧ ಮಾಡಿ. ಫ್ಲ್ಯಾಶ್ ಆಫ್ ಇರಲಿ. ಕ್ಲಿಕ್ ಸದ್ದು ನಿಲ್ಲಿಸಲು ಆಗುವುದಾದರೆ ನಿಲ್ಲಿಸಿ. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೆ-ಬ್ರೆಸಾನ್ ತಮ್ಮ ಪುಟ್ಟ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪ್ ಅಂಟಿಸುತ್ತಿದ್ದರು, ಅದು ಜನರ ಕಣ್ಣಿಗೆ ಬೀಳಬಾರದು ಎಂದು. ಅವರು ಹೆಚ್ಚಾಗಿ ಬಳಸಿದ್ದು 50 ಮಿ.ಮೀ. ಲೆನ್ಸ್. ಫೋನಿನಲ್ಲಿ ಜೂಮ್ 2ಎಕ್ಸ್ ಇಟ್ಟರೆ ಹೆಚ್ಚುಕಮ್ಮಿ ಅದೇ ನೋಟ ಸಿಗುತ್ತದೆ. ಮುಖ ಅಗಲವಾಗಿ ಎಳೆದಂತೆ ಕಾಣುವುದಿಲ್ಲ, ಮೈಮೇಲೆ ಹೋಗಿ ನಿಲ್ಲಬೇಕಾಗಿಯೂ ಇಲ್ಲ.

ಇನ್ನು ಕಾಯುವುದು. ಇದೇ ಮುಖ್ಯ, ಇದಕ್ಕೇ ಜಾಸ್ತಿ ಹೊತ್ತು ಕೊಡಿ. ಕೋಣೆಗೆ ಬಂದ ಕೂಡಲೇ ಫೋನ್ ಎತ್ತಬೇಡಿ. ಹತ್ತು ನಿಮಿಷ ಸುಮ್ನೆ ಕೂತು ಮಾತಾಡಿ. ಕಿಟಕಿಯ ಬೆಳಕು ಅವರ ಮುಖದ ಒಂದು ಪಕ್ಕಕ್ಕೆ ಬೀಳುವ ಹಾಗೆ ನೀವೇ ಜಾಗ ಬದಲಿಸಿ, ಅವರನ್ನು ಏಳಿಸಬೇಡಿ. ಕೈಗೆ ಕೆಲಸ ಇರುವವರನ್ನು ನೋಡಿ: ಹೊಲಿಯುವವರು, ಬಟ್ಟೆ ಮಡಚುವವರು, ಸೈಕಲ್ ರಿಪೇರಿ ಮಾಡುವವರು. ಕೈ ಕೆಲಸದಲ್ಲಿದ್ದರೆ ಮುಖ ತನ್ನನ್ನೇ ಮರೆಯುತ್ತದೆ. ಗ್ರೂಪ್ ಫೋಟೋ ಆದರೆ ‘ಒಂದು, ಎರಡು, ಮೂರು’ ಆದ ಮೇಲೂ ಫೋನ್ ಇಳಿಸಬೇಡಿ. ‘ಆಯ್ತು’ ಎಂದ ಕೂಡಲೇ ಎಲ್ಲರ ಹೆಗಲು ಸಡಿಲವಾಗುತ್ತದೆ, ಯಾರೋ ಪಕ್ಕದವರಿಗೆ ಏನೋ ಹೇಳಿ ನಗಿಸುತ್ತಾರೆ. ನನಗೆ ಬೇಕಾದ ಫೋಟೋ ಸಿಗುವುದು ಹೆಚ್ಚಾಗಿ ಆಗಲೇ.

ಮಕ್ಕಳು ಓಡುತ್ತಿದ್ದರೆ ಶಟರ್ ವೇಗ (ಬೆಳಕಿಗೆ ಕ್ಯಾಮೆರಾ ತೆರೆದಿರುವ ಹೊತ್ತು) ಸೆಕೆಂಡಿನ 1/500 ಇರಲಿ, ಕೈಕೆಲಸಕ್ಕೆ 1/250 ಸಾಕು. ವೇಗ ಹೊಂದಿಸಲು ಆಗದ ಫೋನಿನಲ್ಲಿ ಬರ್ಸ್ಟ್ ಬಳಸಿ, ಅಂದರೆ ಒಂದರ ಹಿಂದೊಂದು ಹಲವು ಫೋಟೋ ಸರಸರ ತೆಗೆಯುವ ಸೌಲಭ್ಯ. ಸ್ವಲ್ಪ ಅಲುಗಿದ ಫೋಟೋವನ್ನು ಅವಸರದಲ್ಲಿ ಅಳಿಸಬೇಡಿ, ನಗುವಾಗ ಮನುಷ್ಯರು ಅಲುಗುತ್ತಾರೆ ಅಲ್ವಾ?

ಇಲ್ಲಿ ಒಂದು ಮಾತು ಹೇಳಲೇಬೇಕು. 1928ರಲ್ಲಿ ಜರ್ಮನಿಯ ಎರಿಕ್ ಸಾಲೊಮನ್ ಟೋಪಿಯೊಳಗೆ ಕ್ಯಾಮೆರಾ ಅಡಗಿಸಿಕೊಂಡು ಕೋರ್ಟಿನ ಕೊಲೆ ವಿಚಾರಣೆಯ ಫೋಟೋ ತೆಗೆದರು. ಅವರು ಪತ್ರಿಕೆಗಳಿಗೆ ಸುದ್ದಿ ಚಿತ್ರ ಕೊಡುತ್ತಿದ್ದವರು. ಮನೆಯವರ, ಗೆಳೆಯರ ಮುಂದೆ ನಾವು ಅಡಗಿಸುವುದು ಬೇಡ. ನಿಮ್ಮ ಹತ್ತಿರ ಫೋನ್ ಇದೆ, ನೀವು ತೆಗೆಯುತ್ತೀರಿ ಎಂದು ಅವರಿಗೆ ಗೊತ್ತಿರಲಿ. ತೆಗೆದ ಮೇಲೆ ತೋರಿಸಿ. ಬೇಡ ಎಂದರೆ ಬೇಡ. ಅಳುವವರು, ನಿದ್ದೆ ಮಾಡುವವರು, ಕಾಯಿಲೆಯವರು ಇರುವ ಫೋಟೋವನ್ನು ನಾನು ಹಂಚುವುದೇ ಇಲ್ಲ. ಮಕ್ಕಳದ್ದಾದರೆ ಅಪ್ಪ ಅಮ್ಮನನ್ನು ಕೇಳಿ, ಮಗುವನ್ನೂ ಕೇಳಿ. ಫೋಟೋ ಕಡತದಲ್ಲಿ ಜಾಗದ ಮಾಹಿತಿ ಸೇರಿರಬಹುದು, ಹಂಚುವ ಮೊದಲು ತೆಗೆದುಬಿಡಿ.

ಉಳಿದದ್ದು ಸುಲಭ. ಅದೇ ದಿನ ಕೂತು ಆರಿಸಿ. ನಲವತ್ತರಲ್ಲಿ ಮೂರು ಉಳಿದರೆ ಅದು ಒಳ್ಳೆಯ ದಿನ. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. 4×6 ಇಂಚಿನ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು.

ಅಕ್ಕನಿಗೂ ಅದೇ ಅಳತೆಯಲ್ಲಿ ಮಾಡಿಸಿ ಕೊಟ್ಟೆ. ಈಗ ಅದು ಅವಳ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದೆ, ಹಲ್ಲಲ್ಲಿ ಹೇರ್‌ಪಿನ್ ಸಮೇತ.