ಆಯಿಲ್ ಫಿಲ್ಟರ್ ಕೈಯಲ್ಲೇ ಬಿಗಿ ಮಾಡಿ

ಮನೆಯಲ್ಲೇ ಕಾರಿನ ಆಯಿಲ್ ಬದಲಾಯಿಸುವ ಚಿಕ್ಕಮಗಳೂರಿನ ಗೆಳೆಯರಿಗೆ ಒಂದು ಮಾತು.

ಹಳೆ ಫಿಲ್ಟರ್ ಬಿಚ್ಚಿದ ಕೂಡಲೇ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯಾ ನೋಡಿ. ಎಷ್ಟೋ ಸಲ ಅದು ಎಂಜಿನ್ ಕಡೆಗೇ ಅಂಟಿಕೊಂಡಿರುತ್ತದೆ. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಆಗುತ್ತದೆ. ಪ್ರೆಶರ್ ಏರಿದಾಗ ಆಯಿಲ್ ಹೊರಗೆ ಸುರಿಯುತ್ತದೆ. ಹೋದ ವರ್ಷ ನನ್ನ ಕಾರಿಗೆ ಹೀಗೇ ಆಗಿ, ಮೂಡಿಗೆರೆ ರಸ್ತೆಯಲ್ಲಿ ಆಯಿಲ್ ದೀಪ ಹತ್ತಿತು. ತಕ್ಷಣ ಆಫ್ ಮಾಡಿದ್ದಕ್ಕೆ ಎಂಜಿನ್ ಉಳಿಯಿತು. ಚಾರ್ಮಾಡಿ ಘಾಟಿಯಲ್ಲಿ ಆಗಿದ್ದರೆ ಏನು ಗತಿ ಅಂತ ಈಗಲೂ ಅನಿಸುತ್ತದೆ.

ಫಿಲ್ಟರ್ ಕೂರುವ ಜಾಗವನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಹೊಸ ರಿಂಗ್‌ಗೆ ಬೆರಳಿನಿಂದ ಸ್ವಲ್ಪ ಹೊಸ ಆಯಿಲ್ ಸವರಿ. ಒಣ ರಬ್ಬರ್ ತಿರುಗುವಾಗ ಮಡಚಿಕೊಳ್ಳುತ್ತದೆ, ಅದಕ್ಕೇ ಇದು. ಫಿಲ್ಟರ್‌ನ ತಿರುಪು ಸರಿಯಾಗಿ ಕೂರುವಂತೆ ನಿಧಾನವಾಗಿ ತಿರುಗಿಸಿ. ರಿಂಗ್ ಎಂಜಿನ್‌ಗೆ ತಾಗಿದ ಮೇಲೆ ಸಾಮಾನ್ಯವಾಗಿ ಇನ್ನು ಮುಕ್ಕಾಲು ಸುತ್ತು ಸಾಕು. ನಿಮ್ಮ ಫಿಲ್ಟರ್ ಡಬ್ಬದ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಿ. ಬಿಚ್ಚಲು ರೆಂಚ್ ಇರಲಿ, ಬಿಗಿ ಮಾಡಲು ಬೇಡ. ಜಾಸ್ತಿ ಬಿಗಿಯಾದರೆ ರಿಂಗ್ ಹಾಳಾಗುತ್ತದೆ, ಮುಂದಿನ ಸಲ ಬಿಚ್ಚುವುದೂ ಕಷ್ಟ.

ಎಂಜಿನ್‌ನ ಒಂದು ಮುಚ್ಚಳದೊಳಗೆ ಬರೀ ಕಾಗದದ ಫಿಲ್ಟರ್ ಕೂರುವ ಕಾರುಗಳ ವಿಷಯ ಬೇರೆ. ಅವುಗಳ ಮುಚ್ಚಳವನ್ನು ಕಾರಿನ ಪುಸ್ತಕ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಲ್ಲೇ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ರೆಂಚ್) ಬಿಗಿ ಮಾಡಬೇಕು. ಮುಚ್ಚಳದ ರಬ್ಬರ್ ಓ-ರಿಂಗ್ ಕೂಡ ಹೊಸದೇ ಹಾಕಿ.

ಆಯಿಲ್ ತುಂಬಿ ಎಂಜಿನ್ ಶುರು ಮಾಡಿ. ಒಂದೆರಡು ನಿಮಿಷ ಓಡಲಿ, ಕೆಳಗೆ ಟಾರ್ಚ್ ಬಿಟ್ಟು ಸೋರಿಕೆ ನೋಡಿ. ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ, ಕಡಿಮೆ ಇದ್ದರೆ ತುಂಬಿಸಿ.