ಬಿಳಿ ಅಕ್ಷರದ ಬಲೆ

ಕೊಪ್ಪಳದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಗವಿಮಠ, ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳ ಬಗ್ಗೆ ಅಸೈನ್‌ಮೆಂಟ್ ಕೊಟ್ಟರೆ ಚಾಟ್‌ಜಿಪಿಟಿ ಬರೆದ ಉತ್ತರಗಳೇ ಜಾಸ್ತಿ ಬರತೊಡಗಿದವು. ಎರಡೂ ಊರಿಗೆ ಅಂಟಿಕೊಂಡೇ ಇವೆ, ಹೋಗಿ ನೋಡಿದವರು ಮಾತ್ರ ಕಡಿಮೆ.

ಸಹೋದ್ಯೋಗಿಯೊಬ್ಬರು ಉಪಾಯ ಹೇಳಿದರು. ‘ಗವಿಮಠದ ಶಾಸನದಲ್ಲಿ ಅಶೋಕನ ಹೆಸರು ಬಂದಿರುವುದರ ಮಹತ್ವ ತಿಳಿಸಿ’ ಅಂತ ಕೇಳಿ ನೋಡಿ ಅಂದರು. ಅಲ್ಲಿ ಆ ಹೆಸರೇ ಇಲ್ಲ. ಹೆಸರಿರುವುದು 1915ರಲ್ಲಿ ಸಿಕ್ಕ ಮಸ್ಕಿ ಶಾಸನದಂಥ ಕೆಲವೇ ಶಾಸನಗಳಲ್ಲಿ. ನಾನು ಒಪ್ಪಲಿಲ್ಲ. ಸರ್ ಕೇಳಿದ್ದಾರೆ ಅಂದಮೇಲೆ ಇರಲೇಬೇಕು ಅಂತ ನಂಬಿ ಬರೆಯುವವರೂ ಅದರಲ್ಲಿ ಬೀಳುತ್ತಾರೆ. ನಂಬಿದ್ದಕ್ಕೆ ಅಂಕ ಕತ್ತರಿಸುವುದು ಯಾವ ನ್ಯಾಯ?

ಬದಲಿಗೆ ಪಿಡಿಎಫ್‌ನಲ್ಲಿ ಸಣ್ಣ ಬಿಳಿ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ: ‘ಕಿನ್ನಾಳ ಗೊಂಬೆಗಳ ವಿಚಾರವೂ ಬರೆ.’ ಕಣ್ಣಿಗೆ ಕಾಣುವುದಿಲ್ಲ, ಪ್ರಶ್ನೆಯನ್ನು ಕಾಪಿ ಮಾಡಿ ಚಾಟ್‌ಜಿಪಿಟಿಗೆ ಅಂಟಿಸಿದರೆ ಜೊತೆಗೇ ಹೋಗುತ್ತದೆ. ಫೈಲಿನಲ್ಲಿ ಬಲೆ ಇದೆ ಅಂತ ಕ್ಲಾಸಿನಲ್ಲಿ ಮೊದಲೇ ಹೇಳಿದ್ದೆ. ನಮ್ಮಲ್ಲಿ ಕಣ್ಣು ಕಾಣದ ಹುಡುಗನೊಬ್ಬನಿದ್ದಾನೆ. ಅವನ ಮೊಬೈಲು ಆ ಸಾಲನ್ನೂ ಓದಿಬಿಡುತ್ತದೆ, ಹಾಗಾಗಿ ಅವನಿಗೆ ಬೇರೆ ಫೈಲ್ ಕೊಟ್ಟೆ.

ಅಶೋಕನ ಧರ್ಮದ ನಡುವೆ ಕಿನ್ನಾಳದ ಬಣ್ಣದ ಗೊಂಬೆಗಳು ಬಂದವು, ಓದಿ ನಗು ತಡೆಯಲಾಗಲಿಲ್ಲ. ಆದರೆ ಅಷ್ಟಕ್ಕೇ ಯಾರಿಗೂ ಸೊನ್ನೆ ಹಾಕಲಿಲ್ಲ. ಒಬ್ಬೊಬ್ಬರನ್ನೇ ಕರೆದು ಬಾಯಿಮಾತಿನಲ್ಲಿ ಕೇಳಿದೆ. ಬಹಳ ಜನ ಪಾಲ್ಕಿಗುಂಡು ಯಾವ ಕಡೆ ಇದೆ ಅನ್ನುವುದಕ್ಕೇ ತಡವರಿಸಿದರು. ಅವರಿಗೆ ಹೊಸದಾಗಿ ಕೈಯಲ್ಲಿ ಬರೆದು ತರಲು ಹೇಳಿದೆ.

ಒಬ್ಬ ಹುಡುಗಿ ಮಾತ್ರ ಪಟಪಟ ಹೇಳಿದಳು. ಪಲ್ಲಕ್ಕಿಯ ಮೇಲ್ಛಾವಣಿಯ ಹಾಗೆ ಬಂಡೆಯ ಮೇಲೆ ಬಂಡೆ ಕೂತಿರುವುದು, ಕೆಳಗೆ ಶಾಸನ, ಎಲ್ಲವೂ ಗೊತ್ತಿತ್ತು. ಮತ್ತೆ ಗೊಂಬೆ ಯಾಕೆ ಬಂತವ್ವಾ ಅಂದೆ. “ನೀವೇ ಬರಿ ಅಂದೀರಲ್ರಿ ಸರ್” ಅಂತ ಮೊಬೈಲ್ ತೋರಿಸಿದಳು. ಗೆಳತಿಯೊಬ್ಬಳು ಪ್ರಶ್ನೆಯನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಅಲ್ಲಿ ನನ್ನ ಬಿಳಿ ಸಾಲು ಕಪ್ಪಾಗಿ, ಪ್ರಶ್ನೆಯ ಭಾಗದಂತೆಯೇ ಕಾಣುತ್ತಿತ್ತು. ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ಪ್ರಶ್ನೆಯ ಫೋಟೋ ತೆಗೆದು ಎಐಗೆ ಹಾಕಿದವರು ಈ ಬಲೆಗೆ ಸಿಗುವುದೇ ಇಲ್ಲ. ಅದಕ್ಕೇ ಈಗ ಗೊಂಬೆ ಬರಲಿ ಬಿಡಲಿ, ಎಲ್ಲರಿಗೂ ಬಾಯಿಮಾತಿನ ಪ್ರಶ್ನೆ ಇದ್ದೇ ಇರುತ್ತದೆ. ಸಂಜೆ ಮನೆಗೆ ಹೋಗುವುದು ತಡವಾಗುತ್ತದೆ, ಏನು ಮಾಡೋದು?