ಲಂಡನ್–ಎಡಿನ್‌ಬರೋ ಅಗ್ಗದ ರೈಲು: ಲೂಮೋ ಟಿಕೆಟ್ ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೋದ ವೇವರ್ಲಿ ನಿಲ್ದಾಣಕ್ಕೆ ಸುಮಾರು 630 ಕಿ.ಮೀ. ದಾರಿ. ಈ ಹಳಿಯ ಮೇಲೆ ದಿನವಿಡೀ ಓಡುವುದು ಸರ್ಕಾರಿ ಒಡೆತನದ ಎಲ್‌ಎನ್‌ಇಆರ್ ಕಂಪನಿಯ ರೈಲುಗಳು. ಅದಕ್ಕೆ ಪೈಪೋಟಿಯಾಗಿ 2021ರ ಅಕ್ಟೋಬರ್ 25ರಂದು ಬಂದದ್ದು ಲೂಮೋ. ಫಸ್ಟ್‌ಗ್ರೂಪ್ ಕಂಪನಿಯ ನೀಲಿ ಬಣ್ಣದ ಗಾಡಿ ಅದು, ಐದೇ ಬೋಗಿ, ಒಂದೇ ದರ್ಜೆ. ಆರಂಭದಲ್ಲಿ ಅತಿ ಕಡಿಮೆ ಟಿಕೆಟ್ 14.90 ಪೌಂಡ್ ಎಂದು ಸಾರಿದ್ದರು. ಆ ದರದ ಆಸೆ ಇಟ್ಟುಕೊಂಡು ಈಗ ಹುಡುಕಿದರೆ ನಿರಾಸೆಯೇ ಹೆಚ್ಚು. ಆದರೂ ವಿದ್ಯಾರ್ಥಿಗಳಿಗೆ, ಊರಿನಿಂದ ಬಂದ ಅಪ್ಪ ಅಮ್ಮನಿಗೆ ಸ್ಕಾಟ್ಲೆಂಡ್ ತೋರಿಸಬೇಕೆನ್ನುವವರಿಗೆ ಇದು ಮೊದಲು ನೋಡಬೇಕಾದ ಗಾಡಿ. ಕೊನೆಗೆ ಕೊಳ್ಳಬೇಕಾದದ್ದೂ ಇದೇ ಎಂದೇನಿಲ್ಲ.

ಅಗ್ಗ ಏಕೆ, ಅದರಿಂದ ನಿಮಗೇನಾಗುತ್ತದೆ

ಬ್ರಿಟನ್ನಿನಲ್ಲಿ ಹೆಚ್ಚಿನ ರೈಲುಗಳು ಸರ್ಕಾರದ ಒಪ್ಪಂದದ ಮೇಲೆ ಓಡುತ್ತವೆ. ಲೂಮೋ ಹಾಗಲ್ಲ. ನಿಯಂತ್ರಣ ಸಂಸ್ಥೆಯಿಂದ ಹಳಿಯ ಮೇಲೆ ಇಂತಿಷ್ಟು ಓಡಾಟಕ್ಕೆ ಅನುಮತಿ ಪಡೆದು, ಹಳಿ ಬಳಕೆಗೆ ಶುಲ್ಕ ಕಟ್ಟಿ, ಸಬ್ಸಿಡಿಯಿಲ್ಲದೆ ಟಿಕೆಟ್ ಹಣದಲ್ಲೇ ನಡೆಯಬೇಕು. ಆ ಅನುಮತಿ ಸಿಕ್ಕಿದ್ದು 2016ರಲ್ಲಿ, ಗಾಡಿ ಹೊರಟದ್ದು ಐದು ವರ್ಷ ಕಳೆದ ಮೇಲೆ. ಅವರು ಈ ದಾರಿಗೆಂದು ತಂದದ್ದು ಹಿಟಾಚಿ ಕಟ್ಟಿದ ಐದು ರೈಲು, ಒಂದೊಂದರಲ್ಲಿ ಸುಮಾರು 400 ಸೀಟು. ಸೀಟು ತುಂಬಿದರಷ್ಟೇ ಲಾಭ. ಹೀಗಾಗಿ ದರ ವಿಮಾನದ ಟಿಕೆಟ್ಟಿನ ಹಾಗೆ ಏರಿಳಿಯುತ್ತದೆ. ದಿನಕ್ಕೆ ಬೆರಳೆಣಿಕೆಯ ಗಾಡಿಗಳಾದ್ದರಿಂದ ಒಂದು ತಪ್ಪಿದರೆ ಮುಂದಿನ ಲೂಮೋಗೆ ಗಂಟೆಗಟ್ಟಲೆ ಕಾಯಬೇಕಾದೀತು.

ನಮ್ಮ ಕಡೆಯ ಅಭ್ಯಾಸ ಇಲ್ಲಿ ನಡೆಯದು. ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ತತ್ಕಾಲ್ ಇಲ್ಲ. ಹೊರಡುವ ದಿನವೂ ಟಿಕೆಟ್ ಸಿಗಬಹುದು, ಬೆಲೆ ಮಾತ್ರ ಬೇರೆ.

ಮೊದಲು ಸಾಮಾನು ಅಳೆಯಿರಿ

ಟಿಕೆಟ್ ನೋಡುವ ಮುಂಚೆಯೇ ಈ ಕೆಲಸ ಮಾಡಿ, ಬಹಳ ಜನ ಎಡವುವುದು ಇಲ್ಲಿಯೇ. ಲೂಮೋದಲ್ಲಿ ಒಬ್ಬರಿಗೆ ಒಂದು ಕೈಚೀಲ ಮತ್ತು ಸುಮಾರು 63×36×24 ಸೆಂ.ಮೀ. ಅಳತೆಯ ಒಂದು ಪೆಟ್ಟಿಗೆ ಎಂಬ ಲೆಕ್ಕ. ವಿಮಾನದ ಕ್ಯಾಬಿನ್ ಬ್ಯಾಗಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಬೆಂಗಳೂರಿನಿಂದ 23 ಕಿಲೋ ತುಂಬಿಸಿಕೊಂಡು ಬಂದ ಎರಡು ದೊಡ್ಡ ಸೂಟ್‌ಕೇಸ್ ಈ ಲೆಕ್ಕಕ್ಕೆ ಹೊಂದುವುದಿಲ್ಲ. ಹೊಸದಾಗಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಸೇರುವ ವಿದ್ಯಾರ್ಥಿ ಮೊದಲ ಪ್ರಯಾಣಕ್ಕೆ ಲೂಮೋ ಹಿಡಿಯದಿರುವುದೇ ವಾಸಿ. ಅಂಥವರಿಗೆ ಎಲ್‌ಎನ್‌ಇಆರ್ ಸರಿ, ಅದರ ಗಾಡಿಗಳು ಹೆಚ್ಚಾಗಿ ಒಂಬತ್ತು ಬೋಗಿಯವು, ಸಾಮಾನು ಇಡುವ ಜಾಗವೂ ಹೆಚ್ಚು. ಆಮೇಲಿನ ವಾರಾಂತ್ಯದ ಓಡಾಟಕ್ಕೆ ಲೂಮೋ ಹೇಳಿ ಮಾಡಿಸಿದ್ದು.

ಹೀಥ್ರೋದಲ್ಲಿ ಇಳಿದು ಅದೇ ದಿನ ರೈಲು ಹಿಡಿಯುವವರು ಇನ್ನೊಂದು ವಿಷಯ ಗಮನಿಸಿ. ವಿಮಾನ ತಡವಾಗಿ ರೈಲು ತಪ್ಪಿದರೆ ಅಗ್ಗದ ಟಿಕೆಟ್ ಹಣ ಹೋದ ಹಾಗೆಯೇ. ವಿಮಾನವನ್ನು ರೈಲು ಪ್ರಯಾಣದ ಭಾಗವೆಂದು ಯಾರೂ ಒಪ್ಪುವುದಿಲ್ಲ. ಪಿಕಡಿಲಿ ಲೈನ್ ಹೀಥ್ರೋದಿಂದ ನೇರ ಕಿಂಗ್ಸ್ ಕ್ರಾಸ್‌ಗೆ ಬರುತ್ತದೆ, ಸುಮಾರು ಒಂದು ಗಂಟೆ. ಅದಕ್ಕೆ ಇಮಿಗ್ರೇಷನ್ ಸಾಲು, ಬ್ಯಾಗ್ ಕಾಯುವ ಹೊತ್ತು ಸೇರಿಸಿ. ವಿಮಾನ ಇಳಿಯುವ ಸಮಯಕ್ಕೂ ರೈಲು ಹೊರಡುವ ಸಮಯಕ್ಕೂ ನಾಲ್ಕು ಗಂಟೆ ಅಂತರವಿದ್ದರೆ ನೆಮ್ಮದಿ, ಮೂರಕ್ಕಿಂತ ಕಡಿಮೆ ಬೇಡ.

ಟಿಕೆಟ್ ಕೊಳ್ಳುವ ಕ್ರಮ

1. ದಿನಾಂಕ ಗೊತ್ತಾದ ಕೂಡಲೇ ನ್ಯಾಷನಲ್ ರೈಲ್ ಜಾಲತಾಣದಲ್ಲಿ ಆ ದಿನದ ಎಲ್ಲ ಗಾಡಿಗಳ ದರ ನೋಡಿ. ಅಲ್ಲಿ ಲೂಮೋ, ಎಲ್‌ಎನ್‌ಇಆರ್ ಎರಡೂ ಪಕ್ಕಪಕ್ಕದಲ್ಲಿ ಕಾಣುತ್ತವೆ. ಹಳಿ ದುರಸ್ತಿಯ ಲೆಕ್ಕ ಹಾಕಿ ವೇಳಾಪಟ್ಟಿ ಖಚಿತವಾಗುವುದು ಸಾಮಾನ್ಯವಾಗಿ 12 ವಾರ ಮುಂಚೆ. ಶನಿವಾರ, ಭಾನುವಾರದ್ದು ತಡವಾಗುವುದೂ ಉಂಟು, ದುರಸ್ತಿ ನಡೆಯುವುದು ಹೆಚ್ಚಾಗಿ ಆ ದಿನಗಳಲ್ಲಿ. ವಾರಾಂತ್ಯದ ಗಾಡಿ ಪಟ್ಟಿಯಲ್ಲಿ ಕಾಣದಿದ್ದರೆ ಗಾಡಿಯೇ ಇಲ್ಲವೆಂದು ತೀರ್ಮಾನಿಸಬೇಡಿ, ಒಂದು ವಾರ ಬಿಟ್ಟು ನೋಡಿ.

2. ಹೋಗುವುದು, ಬರುವುದು ಎರಡನ್ನೂ ಬೇರೆ ಬೇರೆ ಒಂಟಿ (ಒಂದೇ ಕಡೆಯ) ಟಿಕೆಟ್ಟಾಗಿ ಹುಡುಕಿ. ಹೋಗುವಾಗ ಲೂಮೋ, ಬರುವಾಗ ಎಲ್‌ಎನ್‌ಇಆರ್ ಅಗ್ಗವಾಗಿರಬಹುದು. ರಿಟರ್ನ್ ಕೊಂಡರೆ ಉಳಿತಾಯ ಎಂಬ ಹಳೆಯ ಲೆಕ್ಕ ಈ ದಾರಿಯಲ್ಲಿ ಈಗ ಇಲ್ಲ.

3. ಕೊಳ್ಳುವುದನ್ನು ಆಯಾ ಕಂಪನಿಯ ತಾಣದಲ್ಲೇ ಕೊಳ್ಳಿ. ಮಧ್ಯವರ್ತಿ ಆ್ಯಪ್‌ಗಳಲ್ಲಿ ಅದೇ ಟಿಕೆಟ್ಟಿಗೆ ಬುಕಿಂಗ್ ಶುಲ್ಕ ಸೇರಬಹುದು. ಭಾರತದ ಕಾರ್ಡ್ ಬಳಸುವುದಾದರೆ ಅಂತರರಾಷ್ಟ್ರೀಯ ವಹಿವಾಟನ್ನು ಮುಂಚೆಯೇ ತೆರೆದಿಡಿ, ಓಟಿಪಿ ಬರುವ ಸಿಮ್ ಫೋನಿನಲ್ಲಿರಲಿ. ಪಾವತಿ ನಿಲ್ಲುವುದು ಬಹುತೇಕ ಇವೆರಡರಿಂದಲೇ.

4. ಹಣ ಕಟ್ಟುವ ಮೊದಲು ಟಿಕೆಟ್ಟಿನ ಹೆಸರು ಓದಿ.

ಈ ನಾಲ್ಕನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಗ್ಗದ ಟಿಕೆಟ್ಟಿನ ಹೆಸರು ಅಡ್ವಾನ್ಸ್. ಅದು ಒಂದು ದಿನದ, ಒಂದು ಹೊತ್ತಿನ, ಒಂದು ಕಂಪನಿಯ ಒಂದೇ ಗಾಡಿಗೆ ಸಲ್ಲುತ್ತದೆ. ಹತ್ತು ನಿಮಿಷ ಮುಂಚಿನ ಎಲ್‌ಎನ್‌ಇಆರ್ ಗಾಡಿಗೆ ಲೂಮೋ ಟಿಕೆಟ್ ಹಿಡಿದು ಹತ್ತಿದರೆ, ಊರು ಅದೇ, ಹಳಿ ಅದೇ ಎಂದು ಎಷ್ಟು ವಾದಿಸಿದರೂ ಪ್ರಯೋಜನವಿಲ್ಲ, ಹೊಸ ಟಿಕೆಟ್ ಕೊಳ್ಳಲೇಬೇಕು. ದಾರಿಯಲ್ಲಿ ನ್ಯೂಕಾಸಲ್‌ನಲ್ಲಿ ಇಳಿದು ಊರು ನೋಡಿಕೊಂಡು ಮುಂದಿನ ಗಾಡಿ ಹತ್ತುವುದಕ್ಕೂ ಅಡ್ವಾನ್ಸ್ ಟಿಕೆಟ್ಟಿನಲ್ಲಿ ಅವಕಾಶವಿಲ್ಲ. ಮನಸ್ಸು ಬದಲಾದರೆ ಹಣ ವಾಪಸು ಬರುವುದಿಲ್ಲ. ಆದರೆ ಗಾಡಿ ಹೊರಡುವ ಮುಂಚೆ ದಿನ ಅಥವಾ ಹೊತ್ತು ಬದಲಿಸಿಕೊಳ್ಳಬಹುದು. ಹೊಸ ಗಾಡಿಯ ದರ ಹೆಚ್ಚಿದ್ದರೆ ವ್ಯತ್ಯಾಸ ಕಟ್ಟಬೇಕು, ಜೊತೆಗೆ ಶುಲ್ಕವೂ ಬೀಳಬಹುದು. ಹೊರಟುಹೋದ ಮೇಲೆ ಅದೂ ಇಲ್ಲ.

ಇನ್ನೊಂದು ತುದಿಯಲ್ಲಿರುವುದು ಎನಿಟೈಮ್ ಟಿಕೆಟ್, ಯಾವ ಗಾಡಿಗಾದರೂ ಸಲ್ಲುತ್ತದೆ, ಒಂಟಿ ಪ್ರಯಾಣಕ್ಕೇ 200 ಪೌಂಡ್ ಆಸುಪಾಸು. ಇವೆರಡರ ನಡುವೆ ಇದ್ದ, ದಟ್ಟಣೆಯಿಲ್ಲದ ಹೊತ್ತಿನ ಆಫ್‌ಪೀಕ್ ಟಿಕೆಟ್ ಅನ್ನು ಎಲ್‌ಎನ್‌ಇಆರ್ 2024ರ ಫೆಬ್ರುವರಿಯಲ್ಲಿ ಈ ದಾರಿಯಲ್ಲಿ ತೆಗೆದುಹಾಕಿ 70 ನಿಮಿಷದ ಫ್ಲೆಕ್ಸ್ ಎಂಬುದನ್ನು ತಂದಿತು. ನೀವು ಆರಿಸಿದ ಗಾಡಿಗಿಂತ 70 ನಿಮಿಷ ಮುಂಚೆ ಅಥವಾ ನಂತರದ ಎಲ್‌ಎನ್‌ಇಆರ್ ಗಾಡಿಯನ್ನೂ ಹತ್ತಬಹುದು. ಲೂಮೋಗೆ ಅದು ಸಲ್ಲದು. ಪ್ರಯಾಣಿಕರ ಪಾಲಿಗೆ ಇದು ನಷ್ಟವೇ. ಆಫ್‌ಪೀಕ್ ಇದ್ದಾಗ ಒಂದು ಗಾಡಿ ತಪ್ಪಿದರೆ ಮತ್ತೊಂದು, ಈ ಕಂಪನಿ ಇಲ್ಲದಿದ್ದರೆ ಆ ಕಂಪನಿ ಎಂಬ ಅನುಕೂಲವಿತ್ತು. ಈಗ ಎರಡು ಕಂಪನಿಗಳ ಪೈಪೋಟಿಯ ಲಾಭ ಸಿಗುವುದು ಟಿಕೆಟ್ ಕೊಳ್ಳುವ ಹೊತ್ತಿನಲ್ಲಿ ಮಾತ್ರ, ಕೊಂಡ ಮೇಲೆ ನೀವು ಒಬ್ಬರ ಗಿರಾಕಿ.

ದರ ಏರುವ ದಿನಗಳೂ ಗೊತ್ತಿರಲಿ. ಶುಕ್ರವಾರ ಸಂಜೆ ಲಂಡನ್‌ನಿಂದ, ಭಾನುವಾರ ಮಧ್ಯಾಹ್ನದ ಮೇಲೆ ಎಡಿನ್‌ಬರೋದಿಂದ ಯಾವಾಗಲೂ ದುಬಾರಿ. ಆಗಸ್ಟ್‌ನಲ್ಲಿ ಎಡಿನ್‌ಬರೋದ ಕಲಾ ಉತ್ಸವ, ಡಿಸೆಂಬರ್ ಕೊನೆಯ ಹೊಸ ವರ್ಷದ ಹಬ್ಬ, ಮರ‍್ರೆಫೀಲ್ಡ್ ಮೈದಾನದ ರಗ್ಬಿ ಪಂದ್ಯಗಳು ಇದ್ದಾಗ ಲೂಮೋ ಕೂಡ ಅಗ್ಗವಲ್ಲ. ಡಿಸೆಂಬರ್ 25ರಂದು ಇಲ್ಲಿ ರೈಲೇ ಓಡುವುದಿಲ್ಲ. ಮಂಗಳವಾರ, ಬುಧವಾರದ ನಡುಹಗಲಿನ ಗಾಡಿಗಳನ್ನು ಮೊದಲು ನೋಡಿ.

ರೇಲ್‌ಕಾರ್ಡ್ ಲೆಕ್ಕ

ರೇಲ್‌ಕಾರ್ಡ್ ಇದ್ದರೆ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಕಡಿತ, ಲೂಮೋದಲ್ಲೂ. ವರ್ಷದ ಕಾರ್ಡಿಗೆ 2025ರ ಮಾರ್ಚ್‌ನಿಂದ 35 ಪೌಂಡ್. ಅಂದರೆ ಒಂದು ವರ್ಷದಲ್ಲಿ 105 ಪೌಂಡಿಗಿಂತ ಹೆಚ್ಚಿನ ಟಿಕೆಟ್ ಕೊಳ್ಳುವುದಿದ್ದರೆ ಕಾರ್ಡಿನ ಹಣ ಹುಟ್ಟಿತು. 16ರಿಂದ 30ರವರೆಗಿನವರಿಗೆ ವಯಸ್ಸಿನ ಕಾರ್ಡ್‌ಗಳಿವೆ, 60 ದಾಟಿದವರಿಗೆ ಸೀನಿಯರ್ ಕಾರ್ಡ್ ಇದೆ. ಬ್ರಿಟನ್ನಿನ ನಿವಾಸಿಯೇ ಆಗಿರಬೇಕೆಂದಿಲ್ಲ, ವಯಸ್ಸಿಗೆ ಪಾಸ್‌ಪೋರ್ಟ್ ದಾಖಲೆ ಸಾಕು.

ಊರಿನಿಂದ ಬಂದ ಅಪ್ಪ ಅಮ್ಮ ಇಬ್ಬರೂ 60 ದಾಟಿದವರು ಎನ್ನೋಣ. ಇಬ್ಬರಿಗೂ ಬೇರೆ ಬೇರೆ ಸೀನಿಯರ್ ಕಾರ್ಡ್ ಕೊಂಡರೆ 70 ಪೌಂಡ್. ಅದರ ಬದಲು ಟೂ ಟುಗೆದರ್ ಕಾರ್ಡ್ ಕೊಂಡರೆ ಇಬ್ಬರಿಗೂ ಸೇರಿ 35. ಉದಾಹರಣೆಗೆ ಒಂಟಿ ಟಿಕೆಟ್ 40 ಪೌಂಡ್ ಇದ್ದರೆ ಇಬ್ಬರು ಹೋಗಿ ಬರಲು 160. ಕಾರ್ಡ್ ಇದ್ದರೆ ಸುಮಾರು 107, ಕಾರ್ಡಿನ 35 ಸೇರಿಸಿದರೂ 142. ಒಂದೇ ಪ್ರವಾಸದಲ್ಲಿ 18 ಪೌಂಡ್ ಉಳಿಯಿತು. ಷರತ್ತು ಎರಡು: ಕಾರ್ಡಿನಲ್ಲಿ ಹೆಸರಿರುವ ಇಬ್ಬರೂ ಒಟ್ಟಿಗೇ ಪ್ರಯಾಣ ಮಾಡಬೇಕು, ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9.30ಕ್ಕೆ ಮುಂಚಿನ ಗಾಡಿಗೆ ನಡೆಯದು. ಐದರಿಂದ 15 ವರ್ಷದ ಮಕ್ಕಳಿದ್ದರೆ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ಕಾರ್ಡ್ ಇನ್ನೂ ಲಾಭ, ಮಕ್ಕಳ ಟಿಕೆಟ್ಟಿಗೆ ಶೇ 60ರ ಕಡಿತ. ಮಗು ಜೊತೆಗಿಲ್ಲದಿದ್ದರೆ ಮಾತ್ರ ಅದು ಕೆಲಸಕ್ಕೆ ಬಾರದು. ಐದು ತುಂಬದ ಮಕ್ಕಳಿಗೆ ಟಿಕೆಟ್ ಬೇಡ, ಸೀಟೂ ಇಲ್ಲ.

ಕಾರ್ಡನ್ನು ಟಿಕೆಟ್ಟಿನ ಜೊತೆ ತೋರಿಸಬೇಕು. ಫೋನಿನಲ್ಲಿದ್ದರೆ ಬ್ಯಾಟರಿ ನಿಮ್ಮ ಜವಾಬ್ದಾರಿ.

ನಿಲ್ದಾಣ, ಗಾಡಿ

ಕಿಂಗ್ಸ್ ಕ್ರಾಸ್‌ನಲ್ಲಿ ಪ್ಲಾಟ್‌ಫಾರಂ ಸಂಖ್ಯೆ ಫಲಕದ ಮೇಲೆ ಬರುವುದು ಗಾಡಿ ಹೊರಡಲು ಸ್ವಲ್ಪ ಹೊತ್ತಿರುವಾಗ. ಅಲ್ಲಿಯವರೆಗೆ ಎಲ್ಲರೂ ಫಲಕ ನೋಡುತ್ತ ನಿಂತಿರುತ್ತಾರೆ, ಬಂದ ಕೂಡಲೇ ಓಟ. ಹೊರಡುವ ಎರಡು ನಿಮಿಷ ಮೊದಲೇ ಬಾಗಿಲು ಮುಚ್ಚುತ್ತದೆ. ವಯಸ್ಸಾದವರು ಜೊತೆಗಿದ್ದರೆ ಗೇಟಿನ ಹತ್ತಿರವೇ ಇರಿ. ಗಾಲಿಕುರ್ಚಿ ಬೇಕಾದರೆ ಪ್ಯಾಸೆಂಜರ್ ಅಸಿಸ್ಟ್ ಸೇವೆಗೆ ಮುಂಚೆ ಹೇಳಿಡಿ, ಅದಕ್ಕೆ ಹಣವಿಲ್ಲ.

ಪ್ರಯಾಣಕ್ಕೆ ಸುಮಾರು ನಾಲ್ಕೂವರೆ ಗಂಟೆ. ನಿಲ್ಲುವುದು ಸ್ಟೀವನೇಜ್, ನ್ಯೂಕಾಸಲ್, ಮಾರ್ಪೆತ್‌ನಂಥ ಕೆಲವೇ ಕಡೆ, ಅವೂ ಎಲ್ಲ ಗಾಡಿಗಳಿಗೆ ಅಲ್ಲ. ಲಂಡನ್‌ನ ಉತ್ತರ ಹೊರವಲಯದಲ್ಲಿ ಮನೆಯಿದ್ದರೆ ಸ್ಟೀವನೇಜ್‌ನಲ್ಲಿ ಹತ್ತುವುದು ಸುಲಭ. ಊಟದ ಬೋಗಿ ಇಲ್ಲ, ತಿಂಡಿ ಕಾಫಿ ಸೀಟಿಗೇ ಬರುತ್ತದೆ. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಬುತ್ತಿ ಕಟ್ಟಿಕೊಂಡು ಹೋದರೆ ಯಾರೂ ಏನೂ ಅನ್ನುವುದಿಲ್ಲ. ಉತ್ತರಕ್ಕೆ ಹೋಗುವಾಗ ಬಲಗಡೆಯ ಕಿಟಕಿ ಕೇಳಿ. ಡರಮ್ ಕ್ಯಾಥೆಡ್ರಲ್, ನ್ಯೂಕಾಸಲ್ ದಾಟಿದ ಮೇಲೆ ಕಡಲು, ಬೆರಿಕ್ ಬಳಿ 28 ಕಮಾನಿನ ಸೇತುವೆಯಿಂದ ಕಾಣುವ ನದೀಮುಖ, ಎಲ್ಲವೂ ಆ ಕಡೆಗೇ.

ಗಾಡಿ ನಿಂತರೆ

ಲೂಮೋ ರೈಲು ಪೂರ್ತಿ ವಿದ್ಯುತ್ತಿನದು. ಅದರಲ್ಲಿ ಬ್ಯಾಟರಿ ಇದೆ, ಆದರೆ ಅದು ದೀಪ, ಗಾಳಿ ಇತ್ಯಾದಿಗಳಿಗೆ, ಗಾಡಿ ಎಳೆಯುವುದಕ್ಕಲ್ಲ. ಎಲ್‌ಎನ್‌ಇಆರ್‌ನ ಅಜುಮಾ ಗಾಡಿಗಳಲ್ಲಿ ಹಲವಕ್ಕೆ ಡೀಸೆಲ್ ಎಂಜಿನ್ನೂ ಇರುವುದರಿಂದ ತಂತಿಯಿಲ್ಲದ ಬಳಸುದಾರಿಯಲ್ಲೂ ಅವು ಹೋಗಬಲ್ಲವು. ಈ ಮಾರ್ಗದ ತಂತಿ ವ್ಯವಸ್ಥೆ ಎಡಿನ್‌ಬರೋ ತಲುಪಿದ್ದು 1991ರಲ್ಲಿ, ಖರ್ಚು ಕಡಿಮೆ ಮಾಡಿ ಕಟ್ಟಿದ್ದು. ಹಲವೆಡೆ ಎರಡು ಕಂಬಗಳ ನಡುವೆ ಅಡ್ಡಲಾಗಿ ಕಟ್ಟಿದ ತಂತಿಗಳೇ ನಾಲ್ಕೂ ಹಳಿಗಳ ವಿದ್ಯುತ್ ತಂತಿಯನ್ನು ಹೊತ್ತಿವೆ. ಬಿರುಗಾಳಿಗೆ ಒಂದು ಹಳಿಯ ಮೇಲಿನದು ಹರಿದರೆ ಪಕ್ಕದ ಹಳಿಗಳೂ ಬಂದ್. ಹವಾಮಾನ ಇಲಾಖೆ ಬಿರುಗಾಳಿಯ ಎಚ್ಚರಿಕೆ ಕೊಟ್ಟ ದಿನ ಲೂಮೋ ಟಿಕೆಟ್ ಇದ್ದರೆ ಹಿಂದಿನ ರಾತ್ರಿಯೇ ಸುದ್ದಿ ನೋಡಿಕೊಳ್ಳಿ.

ಗಾಡಿ ರದ್ದಾದರೆ ಎರಡು ದಾರಿ. ಪ್ರಯಾಣವನ್ನೇ ಬಿಟ್ಟರೆ ಅಡ್ವಾನ್ಸ್ ಟಿಕೆಟ್ ಆದರೂ ಪೂರ್ತಿ ಹಣ ವಾಪಸು, ಶುಲ್ಕವಿಲ್ಲ. ಹೋಗಲೇಬೇಕೆಂದರೆ ಲೂಮೋ ಟಿಕೆಟ್ ಅನ್ನು ಎಲ್‌ಎನ್‌ಇಆರ್ ಒಪ್ಪುತ್ತಿದೆಯೇ ಎಂದು ಸಿಬ್ಬಂದಿಯನ್ನೇ ಕೇಳಿ. ಅಂಥ ಹೊಂದಾಣಿಕೆ ಆ ದಿನದ ಮಟ್ಟಿಗೆ ಪ್ರಕಟವಾಗುತ್ತದೆ. ಪ್ರಕಟಣೆಯ ಚಿತ್ರವನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು ಹತ್ತಿ, ಒಳಗೆ ಟಿಕೆಟ್ ನೋಡುವವರಿಗೆ ಸುದ್ದಿ ತಲುಪಿರದಿದ್ದರೆ ಅದೇ ಆಧಾರ. ಆ ದಿನ ಸೀಟು ಸಿಗುವ ಖಾತ್ರಿ ಇಲ್ಲ.

ತಡವಾಗಿ ತಲುಪಿದರೆ ಪರಿಹಾರ ತಾನಾಗಿ ಬರುತ್ತದೆಂದು ಕಾಯಬೇಡಿ. ಎಲ್‌ಎನ್‌ಇಆರ್‌ನಲ್ಲಿ 30ರಿಂದ 59 ನಿಮಿಷ ತಡವಾದರೆ ಒಂಟಿ ಟಿಕೆಟ್ಟಿನ ಅರ್ಧ, ಒಂದು ಗಂಟೆ ಮೀರಿದರೆ ಪೂರ್ತಿ. ಲೂಮೋದ ನಿಯಮ ಅದರದೇ ತಾಣದಲ್ಲಿದೆ, ಅರ್ಜಿಯೂ ಅಲ್ಲಿಯೇ. ಲೆಕ್ಕಕ್ಕೆ ಬರುವುದು ಹೊರಟ ಹೊತ್ತಲ್ಲ, ತಲುಪಿದ ಹೊತ್ತು. ಟಿಕೆಟ್ಟಿನ ಚಿತ್ರ, ಗಾಡಿಯ ಹೊತ್ತು, ತಲುಪಿದ ಹೊತ್ತು ಇಷ್ಟನ್ನು ಇಟ್ಟುಕೊಂಡು 28 ದಿನಗಳೊಳಗೆ ಅರ್ಜಿ ಹಾಕಿ. ಹೋಗುವಾಗ ಒಂದು, ಬರುವಾಗ ಇನ್ನೊಂದು ಕಂಪನಿಯಾಗಿದ್ದರೆ ಯಾವ ಗಾಡಿ ತಡವಾಯಿತೋ ಆ ಕಂಪನಿಗೇ ಹಾಕಿ. ಟಿಕೆಟ್ ಮಾರಿದ ಆ್ಯಪ್‌ಗೆ ಬರೆದರೆ ದಿನ ಹಾಳು.